ಅಲ್ಪಾವಕಾಶದಲ್ಲಿ ಹಿಮಗಿರಿ

ಸಂಕ್ರಾಂತಿ ಕಳೆದು ಮಾಘದ ಚಳಿ ಸಡಿಲಗೊಳ್ಳುವ ಹೊತ್ತಿಗೆ, ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಕಚೇರಿಗಳಲ್ಲಿ ದುಡಿಯುವ ಅನೇಕರ ಮನಸ್ಸು ಉತ್ತರದ ದಿಕ್ಕಿಗೆ ಹೊರಳುವುದನ್ನು ಈಚಿನ ವರ್ಷಗಳಲ್ಲಿ ಕಾಣುತ್ತಿದ್ದೇವೆ. ಬೇಸಗೆಯ ಚಾರ್‌ಧಾಮ ಯಾತ್ರೆಯ ಜನಸಂದಣಿ ಇನ್ನೂ ದೂರವಿದೆ. ಡಿಸೆಂಬರಿನ ರಜೆಯ ಗದ್ದಲ ಮುಗಿದಿದೆ. ಹಿಮಾಲಯದ ಇಳಿಜಾರುಗಳ ಮೇಲೆ ಹಿಮವಾದರೋ ತನ್ನ ಪೂರ್ಣಪ್ರಮಾಣವನ್ನು ಮುಟ್ಟಿರುತ್ತದೆ. ಇಂಥ ಕಾಲದಲ್ಲಿ ಎತ್ತರದ ಬೆಟ್ಟವೊಂದನ್ನು ಏರಿ ಬರಬೇಕೆಂಬ ಆಸೆ ಸಹಜವಾದುದು, ಶ್ಲಾಘ್ಯವಾದುದು. ಆದರೆ ಕೈಯಲ್ಲಿರುವ ಬಂಡವಾಳ ಸ್ವಲ್ಪ: ಎರಡು ವಾರಾಂತ್ಯಗಳು, ಅವುಗಳ ನಡುವಣ ಐದು ದಿನಗಳ ರಜೆ, ಒಟ್ಟಿನಲ್ಲಿ ಒಂಬತ್ತು ದಿನ. ಈ ಒಂಬತ್ತು ದಿನಗಳಿಗೆ ಯಾವ ಬೆಟ್ಟ ತಕ್ಕುದು ಎಂಬುದೇ ಇಲ್ಲಿನ ವಿಚಾರ. ಅದನ್ನು ಗಢವಾಲ ಸೀಮೆಗೆ, ಎಂದರೆ ಉತ್ತರಾಖಂಡದ ಉತ್ತರಕಾಶಿ, ರುದ್ರಪ್ರಯಾಗ, ಚಮೋಲಿ ಜಿಲ್ಲೆಗಳಿಗೆ ಸೀಮಿತಗೊಳಿಸಿದ್ದೇನೆ. ಕನ್ನಡಿಗರಲ್ಲಿ ಬಹಳ ಮಂದಿ ಮೊದಲ ಸಲ ಹಿಮವನ್ನು ತುಳಿಯುವುದು ಅಲ್ಲಿಯೇ.

ಸಾಮಾನ್ಯವಾಗಿ ನಾವು ಮೊದಲು ಶಿಖರದ ಚಿತ್ರವನ್ನು ನೋಡುತ್ತೇವೆ, ಮೋಹಗೊಳ್ಳುತ್ತೇವೆ, ಆಮೇಲೆ ಅದಕ್ಕೆ ದಿನಗಳನ್ನು ಹೊಂದಿಸತೊಡಗುತ್ತೇವೆ. ದಿನಗಳು ಸಾಲದೆ ಹೋದಾಗ ವಿಶ್ರಾಂತಿಗೆಂದು ಇಟ್ಟಿದ್ದ ದಿನವನ್ನು ಕತ್ತರಿಸುತ್ತೇವೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಅಭಿಪ್ರಾಯ. ಲೆಕ್ಕವನ್ನು ದಿನಗಳಿಂದ ಆರಂಭಿಸತಕ್ಕದ್ದು. ಬೆಂಗಳೂರಿನಿಂದ ವಿಮಾನದಲ್ಲಿ ಡೆಹ್ರಾಡೂನಿಗೆ ಹೋಗಿ ತಂಗುವುದರಲ್ಲಿ ಮೊದಲ ದಿನ ಕಳೆಯಿತು. ಅಲ್ಲಿಂದ, ಉದಾಹರಣೆಗೆ, ಮಸ್ಸೂರಿ, ಪುರೋಲ, ಮೋರಿಗಳ ಮೂಲಕ ಚಾರಣ ಹೊರಡುವ ಸಾಂಕ್ರಿ ಗ್ರಾಮಕ್ಕೆ ಸುಮಾರು ಇನ್ನೂರು ಕಿಲೋಮೀಟರು. ಬಯಲುಸೀಮೆಯ ಹೆದ್ದಾರಿಯಲ್ಲಿ ನಾಲ್ಕು ಗಂಟೆಯಲ್ಲಿ ಮುಗಿಯುವ ಈ ದೂರ, ನದಿಯ ಅಂಚಿನಲ್ಲಿ ಬಳುಕುತ್ತ ಏರಿಳಿಯುವ ಆ ರಸ್ತೆಯಲ್ಲಿ ಎಂಟರಿಂದ ಹತ್ತು ಗಂಟೆಗಳನ್ನು ತಿನ್ನುವುದು. ಮರಳುವಾಗಲೂ ಇದೇ ಎರಡು ದಿನ. ಹೀಗೆ ಒಂಬತ್ತರಲ್ಲಿ ನಾಲ್ಕು ದಾರಿಗೇ ಹೋಗಿ ಉಳಿಯುವುದು ಐದು. ಈ ಐದರಲ್ಲಿ ಒಂದನ್ನು ಆಕಾಶಕ್ಕೆ ಬಿಟ್ಟುಕೊಡಬೇಕು. ಹಿಮ ಬಿದ್ದರೆ, ತಲೆ ನೊಂದರೆ, ರಸ್ತೆ ಕಟ್ಟಿಕೊಂಡರೆ ಆ ದಿನವೇ ನಮ್ಮ ಆಶ್ರಯ. ಮಿಕ್ಕ ನಾಲ್ಕು ದಿನಗಳಲ್ಲಿ ಹತ್ತಿ ಇಳಿಯಬಹುದಾದ ಬೆಟ್ಟ ಯಾವುದೋ ಅದೇ ನಮ್ಮ ಬೆಟ್ಟ; ಅದಕ್ಕಿಂತ ದೊಡ್ಡದು ಎಷ್ಟೇ ಸುಂದರವಾಗಿದ್ದರೂ ದೀರ್ಘಾವಕಾಶ ದೊರೆತಾಗಿನ ಮಾತು.

ಚಳಿಗಾಲದ ಕೊನೆಯೆಂಬುದು ಅಲ್ಲಿ ಎಂಥ ಋತುವೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ನಮಗೆ ಮಳೆಯೆಂದರೆ ನೈಋತ್ಯ ಮಾರುತ. ಗಢವಾಲದ ಎತ್ತರಗಳಿಗೆ ಚಳಿಗಾಲದ ಹಿಮವನ್ನು ತರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಒಂದರ ಹಿಂದೊಂದರಂತೆ ಬರುವ ಪಶ್ಚಿಮದ ವಾಯುಕ್ಷೋಭೆಗಳು. ಜನವರಿ ಫೆಬ್ರವರಿಗಳಲ್ಲಿ ಇವು ಬಂದು ಹೋದಷ್ಟು ಸಲವೂ ಹಿಮದ ಪದರ ದಪ್ಪಗಾಗುತ್ತ, ಫೆಬ್ರವರಿಯ ಕೊನೆಗೆ ಕಾಡಿನ ದಾರಿಗಳೂ ಬೇಲಿಗಳೂ ಕುರಿಗಾಹಿಗಳ ಗುಡಿಸಲುಗಳ ಅರ್ಧ ಗೋಡೆಯೂ ಹೂತುಹೋಗುವುವು. ಅದೇ ವೇಳೆಗೆ ಹಗಲು ಬೆಳೆದಿರುತ್ತದೆ. ಡಿಸೆಂಬರಿನ ಕೊನೆಯಲ್ಲಿ ಹತ್ತು ಗಂಟೆಗಿಂತ ತುಸುವೇ ಹೆಚ್ಚಾಗಿದ್ದ ಬೆಳಕು ಈಗ ಹನ್ನೊಂದನ್ನು ಮೀರಿ ಹನ್ನೆರಡರ ಕಡೆಗೆ ಸಾಗುತ್ತಿರುತ್ತದೆ. ಹಿಮವೂ ಉಂಟು, ಬಿಸಿಲೂ ಉಂಟು ಎಂಬ ಈ ಅಪೂರ್ವ ಸಂಯೋಗವೇ ಈ ಋತುವಿನ ಆಕರ್ಷಣೆ.

ಆದರೆ ಆ ಬಿಸಿಲು ಹಿಮದ ಸ್ವಭಾವವನ್ನು ಒಂದೇ ದಿನದಲ್ಲಿ ಎರಡು ಬಗೆಯಾಗಿ ಮಾಡುವುದು. ರಾತ್ರಿಯ ಶೈತ್ಯಕ್ಕೆ ಮೇಲ್ಮೈ ಮರಳಿ ಹೆಪ್ಪುಗಟ್ಟಿ, ಕಾಸಿದ ಹಾಲಿನ ಮೇಲೆ ಕೆನೆ ಕಟ್ಟಿದಂತೆ, ಸಡಿಲ ಹಿಮದ ಮೇಲೆ ಗಟ್ಟಿಯಾದ ಪದರವೊಂದು ನಿಲ್ಲುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟವನ ಹೆಜ್ಜೆ ಅದರ ಮೇಲೆ ಕರಕರನೆ ಸದ್ದುಮಾಡುತ್ತ ನಿಂತುಕೊಳ್ಳುವುದು. ಬೂಟಿಗೆ ತೊಡಿಸಿದ ಮೈಕ್ರೋಸ್ಪೈಕಿನ ಉಕ್ಕಿನ ಹಲ್ಲುಗಳು ಅರ್ಧ ಅಂಗುಲ ಮಾತ್ರ ಒಳಗಿಳಿದು ಹಿಡಿತ ಕೊಡುವುವು. ಹನ್ನೊಂದು ಗಂಟೆಯ ಬಿಸಿಲು ತಾಗಿದ ಮೇಲೆ ಅದೇ ಜಾಗದಲ್ಲಿ ಕಾಲಿಟ್ಟರೆ ಪದರ ಒಡೆದು ಮೊಣಕಾಲಿನವರೆಗೆ ಕುಸಿಯುತ್ತದೆ. ಕಾಲೆಳೆದುಕೊಂಡು ಮತ್ತೊಂದು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಏರುತ್ತದೆ. ಬೂಟಿನೊಳಗೆ ಹಿಮ ನುಗ್ಗದಂತೆ ತಡೆಯುವ ಗೇಟರ್ ಕಟ್ಟಿಕೊಳ್ಳದವನ ಕಾಲುಚೀಲ ಒಳಗೊಳಗೇ ನೆನೆಯುತ್ತದೆ. ಬೆಳಗ್ಗೆ ಎರಡು ಗಂಟೆಯಲ್ಲಿ ಹತ್ತಿದ ದಾರಿಯನ್ನು ಮಧ್ಯಾಹ್ನ ಇಳಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದುಂಟು. ಅನುಭವಿಯಾದ ಗೈಡ್ ಮುಂದೆ ನಡೆಯುತ್ತ ಆಗಾಗ ಕೋಲನ್ನು ಹಿಮದೊಳಗೆ ಚುಚ್ಚಿ, ಅದು ಒಂದೇ ಸಮನೆ ಇಳಿಯುತ್ತದೆಯೋ, ನಡುವೆ ತಡೆದು ಥಟ್ಟನೆ ಜಾರುತ್ತದೆಯೋ ಎಂದು ಕೈಯಿಂದಲೇ ಓದುತ್ತಾನೆ. ಹಾಗೆ ಜಾರಿತೆಂದರೆ ಅಡಿಯಲ್ಲಿ ದುರ್ಬಲವಾದ ಪದರವೊಂದು ಅಡಗಿದೆಯೆಂದು ಅರ್ಥ. ಅಂಥ ಕಡೆ ಆತ ದಾರಿ ಬದಲಿಸಿದರೆ ಮರುಮಾತಿಲ್ಲದೆ ಅನುಸರಿಸುವುದು ವಿವೇಕ.

ಇಲ್ಲಿಂದಲೇ ಹಿಮಕುಸಿತದ ವಿಚಾರ ಬರುತ್ತದೆ. ಬಹುಪಾಲು ಕುಸಿತಗಳು ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆಯಿರುವ ಇಳಿಜಾರುಗಳಲ್ಲಿ ಆಗುವುವು. ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನಗಳು ಎಲ್ಲಕ್ಕಿಂತ ಅಪಾಯಕರವಾದುವು. 2025ರ ಫೆಬ್ರವರಿ 28ರಂದು, ಪಶ್ಚಿಮದ ಕ್ಷೋಭೆಯೊಂದು ಎಡೆಬಿಡದೆ ಹಿಮ ಸುರಿಸುತ್ತಿದ್ದಾಗ, ಬದರಿನಾಥದ ಆಚೆಯ ಮಾಣಾ ಗ್ರಾಮದ ಬಳಿ ಗಡಿ ರಸ್ತೆ ಕೆಲಸಗಾರರ ಶಿಬಿರದ ಮೇಲೆ ಬೆಟ್ಟದ ಹಿಮ ಬಂದೆರಗಿತು. ಸಿಲುಕಿದ 54 ಮಂದಿಯಲ್ಲಿ 8 ಮಂದಿ ಪ್ರಾಣ ಕಳೆದುಕೊಂಡರು. ಅವರು ಪರ್ವತದಲ್ಲಿ ದುಡಿಯುವುದನ್ನೇ ವೃತ್ತಿಯಾಗಿ ಉಳ್ಳವರು. ಆದುದರಿಂದ ಹೊರಡುವ ವಾರದಲ್ಲಿ ಡೆಹ್ರಾಡೂನಿನ ಹವಾಮಾನ ಕೇಂದ್ರದ ಮುನ್ಸೂಚನೆಯನ್ನೂ, ರಕ್ಷಣಾ ಸಂಶೋಧನೆಯ ಅಂಗವಾಗಿ ಚಂಡೀಗಢದಿಂದ ಕೆಲಸಮಾಡುವ ಸಂಸ್ಥೆ ಹೊರಡಿಸುವ ಜಿಲ್ಲಾವಾರು ಹಿಮಕುಸಿತದ ಎಚ್ಚರಿಕೆಯನ್ನೂ ನೋಡದೆ ಬೆಟ್ಟವನ್ನು ಆರಿಸಿಕೊಳ್ಳಬಾರದು. ನಕ್ಷೆಯಲ್ಲಿ ಎತ್ತರದ ಅಂಕಿಯನ್ನು ನೋಡುವ ನಾವು ಇಳಿಜಾರಿನ ಓರೆಯನ್ನು ನೋಡುವುದು ಅಪರೂಪ. ಚಳಿಗಾಲದ ಕೊನೆಯ ಆಯ್ಕೆಯಲ್ಲಿ ಎತ್ತರಕ್ಕಿಂತ ಓರೆಗೆ ಹೆಚ್ಚಿನ ಬೆಲೆ ಕೊಡಬೇಕು. ದಟ್ಟವಾದ ಓಕ್ ಕಾಡಿನ ನಡುವೆ ಏರಿ ಅಗಲವಾದ ಬುಗ್ಯಾಲಿಗೆ, ಎಂದರೆ ಎತ್ತರದ ಹುಲ್ಲುಗಾವಲಿಗೆ, ತೆರೆದುಕೊಳ್ಳುವ ದಾರಿ ಕ್ಷೇಮಕರ. ಕಡಿದಾದ ಬೋಳು ಮುಖವೊಂದರ ಅಡಿಯಲ್ಲಿ ಅಡ್ಡಹಾಯುವ ದಾರಿ ಎಷ್ಟೇ ಚಿಕ್ಕದಾದರೂ ಶಂಕಾಸ್ಪದ.

ಇನ್ನು ದೇಹದ ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಚಾರಣ ಆರಂಭವಾಗುವ ಸಾಂಕ್ರಿ ಗ್ರಾಮ ಸುಮಾರು 1,900 ಮೀಟರು. ಎಂದರೆ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ನೆತ್ತಿ ಎಷ್ಟು ಎತ್ತರವೋ ಹೆಚ್ಚುಕಡಮೆ ಅಷ್ಟೇ ಎತ್ತರದಲ್ಲಿ ಅಲ್ಲಿನ ಅಂಗಡಿಬೀದಿ. ನಮ್ಮಲ್ಲಿ ಬೆಟ್ಟ ಮುಗಿಯುವ ಕಡೆ ಅಲ್ಲಿ ಬೆಟ್ಟ ಶುರುವಾಗುವುದು. 3,800 ಮೀಟರಿನಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಒತ್ತಡದ ಮೂರರಲ್ಲೆರಡು ಪಾಲಿಗಿಂತಲೂ ಕಡಮೆ. ಒಂದೊಂದು ಉಸಿರಿನಲ್ಲಿ ದೊರೆಯುವ ಪ್ರಾಣವಾಯುವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಈ ಕೊರತೆಗೆ ದೇಹ ಒಗ್ಗಿಕೊಳ್ಳಬಲ್ಲುದು, ಆದರೆ ತನ್ನದೇ ವೇಗದಲ್ಲಿ. ಮೂರು ಸಾವಿರ ಮೀಟರನ್ನು ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದೆಂದೂ, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕೆಂದೂ ಪರ್ವತವೈದ್ಯರು ವಿಧಿಸಿದ್ದಾರೆ. ತಲೆನೋವು, ವಾಕರಿಕೆ, ಅತಿಯಾದ ದಣಿವು, ತಲೆಸುತ್ತು ಮೊದಲ ಲಕ್ಷಣಗಳು. ಅವು ಕಂಡಾಗ ಮೇಲೇರದೆ ನಿಲ್ಲಬೇಕು, ಹೆಚ್ಚಿದರೆ ಇಳಿಯಬೇಕು. ನಡಿಗೆ ತೂರಾಡತೊಡಗಿದರೆ, ಕುಳಿತಿದ್ದರೂ ಉಸಿರು ಕಟ್ಟಿದರೆ, ಮಿದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುತ್ತಿದೆಯೆಂದು ತಿಳಿದು ರಾತ್ರಿಯೆಂದು ನೋಡದೆ ಕೆಳಗಿಳಿಸಬೇಕು. ಇಳಿಯುವುದಕ್ಕೆ ಸಮನಾದ ಔಷಧವಿಲ್ಲ. ಅಸೆಟಜೋಲಮೈಡ್ ಗುಳಿಗೆಯನ್ನು ಮುಂಜಾಗ್ರತೆಯಾಗಿ ತೆಗೆದುಕೊಳ್ಳುವವರು ಊರಿನಲ್ಲಿಯೇ ತಮ್ಮ ವೈದ್ಯರನ್ನು ಕೇಳಿ ತೆಗೆದುಕೊಳ್ಳಲಿ. ಅದು ಒಗ್ಗುವಿಕೆಗೆ ಸಹಾಯಮಾಡುವುದೇ ಹೊರತು ದಿನಗಳ ಕೊರತೆಯನ್ನು ತುಂಬಿಕೊಡಲಾರದು.

ವಿಚಿತ್ರವೆಂದರೆ, ಈ ನಿಯಮಗಳನ್ನು ಮೀರುವ ಪ್ರಲೋಭನೆ ಹೆಚ್ಚಾಗಿರುವುದು ಸಮಯವಿಲ್ಲದವನಿಗೇ. ತಿಂಗಳ ರಜೆಯಿರುವವನು ತಲೆನೋವು ಬಂದರೆ ಒಂದು ದಿನ ಡೇರೆಯಲ್ಲಿ ಮಲಗುತ್ತಾನೆ. ಸೋಮವಾರ ಕಚೇರಿಗೆ ಹಾಜರಾಗಬೇಕಾದವನು ಆ ತಲೆನೋವನ್ನು ಗೈಡಿಗೂ ಹೇಳದೆ ಬಚ್ಚಿಟ್ಟುಕೊಂಡು ನಡೆಯುತ್ತಾನೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿ ಸೀಮೆಯ ಸಹಸ್ರತಾಲದ ದಾರಿಯಲ್ಲಿ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಮಂದಿಯ ತಂಡವೊಂದು ಹಠಾತ್ತಾಗಿ ಎದ್ದ ಹಿಮಗಾಳಿಗೆ ಸಿಲುಕಿ 9 ಮಂದಿ ಅಸುನೀಗಿದ ದುರಂತವನ್ನು ಕನ್ನಡಿಗರು ಮರೆತಿರಲಾರರು. ಅವರಲ್ಲಿ ಹಿಮಾಲಯವನ್ನು ಮೊದಲೇ ಕಂಡಿದ್ದವರೂ ಇದ್ದರು. ಯಾರ ತಪ್ಪನ್ನೂ ಇಲ್ಲಿ ಎಣಿಸುತ್ತಿಲ್ಲ. ಜೂನ್ ತಿಂಗಳಲ್ಲಿ, ನಾಲ್ಕು ಸಾವಿರ ಮೀಟರಿನ ಆಚೆ, ಮರವಿಲ್ಲದ ಬಯಲಿನಲ್ಲಿ ಬೀಸುವ ಗಾಳಿ ಇಷ್ಟನ್ನು ಮಾಡಬಲ್ಲುದಾದರೆ ಫೆಬ್ರವರಿಯಲ್ಲಿ ಅದರ ಶಕ್ತಿ ಎಷ್ಟೆಂಬುದನ್ನು ಮಾತ್ರ ನೆನೆಯಬೇಕೆನ್ನುತ್ತೇನೆ. ಅಲ್ಪಾವಕಾಶದವನು ಚಳಿಗಾಲದಲ್ಲಿ ನಾಲ್ಕು ಸಾವಿರ ಮೀಟರಿನ ಗೆರೆಯನ್ನು ದಾಟಬಾರದೆಂದು ನಾನು ಸ್ಪಷ್ಟವಾಗಿ ಹೇಳಬಯಸುವುದು ಈ ಕಾರಣದಿಂದ.

ಆ ಗೆರೆಯ ಒಳಗೆ ಬರುವ ದಾರಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಕೇದಾರಕಂಠ. ಸುಮಾರು 3,810 ಮೀಟರಿನ ಈ ಶಿಖರವನ್ನು ಸಾಂಕ್ರಿಯಿಂದ ನಾಲ್ಕೈದು ದಿನಗಳಲ್ಲಿ ಏರಿ ಇಳಿಯಬಹುದು; ದಾರಿಯಲ್ಲಿ ಹೆಪ್ಪುಗಟ್ಟಿದ ಜೂಡಾ ಕಾ ತಾಲಾಬ್; ನೆತ್ತಿಯಿಂದ ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾನಾಗ್ ಶಿಖರಗಳ ದರ್ಶನ. ರೂಪಿನ್ ಸೂಪಿನ್ ನದಿಗಳು ನೈಟವಾಡದಲ್ಲಿ ಕೂಡಿ ಟೋನ್ಸ್ ಆಗಿ ಹರಿಯುವ ಆ ಕಣಿವೆಯೇ ಒಂದು ಸ್ವಾರಸ್ಯ. ಅಲ್ಲಿನ ದೇವರಾ ಗ್ರಾಮದಲ್ಲಿ ಕರ್ಣನಿಗೆ ಗುಡಿಯುಂಟು, ನಿತ್ಯಪೂಜೆಯುಂಟು. ಪಂಪನ ಕರ್ಣನನ್ನು ಬಲ್ಲ ಕನ್ನಡಿಗನು ಅರ್ಧ ಗಂಟೆ ಅಲ್ಲಿ ನಿಲ್ಲದೆ ಮುಂದೆ ಹೋಗಲಾರ. ಇಷ್ಟಿದ್ದರೂ ಕೇದಾರಕಂಠವನ್ನು ನಾನು ಮೊದಲ ಸ್ಥಾನದಲ್ಲಿ ಇಡುವುದಿಲ್ಲ. ಜನ ಅತಿಯಾಗಿದೆ. ಶಿಖರದ ದಿನ ಒಂದೇ ಓಣಿಯಲ್ಲಿ ಸಾಲುಗಟ್ಟಿ ಏರುವವರ ತುಳಿತಕ್ಕೆ ಹಿಮ ಗಾಜಿನಂತೆ ನುಣುಪಾಗಿ, ಕೊನೆಯ ಏರಿನಲ್ಲಿ ಜಾರುವಿಕೆ ಹೆಚ್ಚುವುದು. ಬಿಟ್ಟುಹೋದ ಕಸದ ರಾಶಿ ಹಿಮ ಕರಗಿದ ಮೇಲೆ ತೇಲಿ ಬರುವುದು. ಮಾರ್ಚ್ ಮಧ್ಯಕ್ಕೆ ಜನ ಕಡಮೆಯಾಗುತ್ತದೆ. ಶಿಖರವೇ ಬೇಕೆನ್ನುವವರು ಆಗ ಹೋಗಲಿ.

ಚಮೋಲಿ ಜಿಲ್ಲೆಯ ಲೋಹಾಜಂಗ್‌ನಿಂದ ಏರುವ ಬ್ರಹ್ಮತಾಲ, ಜೋಶಿಮಠದ ಕಡೆಯಿಂದ ಏರುವ ಕುವಾರಿ ಕಣಿವೆಮಾರ್ಗ, ಎರಡೂ ಹನ್ನೆರಡು ಸಾವಿರ ಅಡಿಯ ಆಸುಪಾಸಿನವು. ಮೊದಲನೆಯದರಿಂದ ತ್ರಿಶೂಲ, ನಂದಾಘುಂಟಿಗಳು ಕೈಗೆಟುಕುವಂತೆ ಕಾಣುವುವು. ಎರಡನೆಯದನ್ನು 1934ರಲ್ಲಿ ಶಿಪ್ಟನ್ ಮತ್ತು ಟಿಲ್ಮನ್ ಎಂಬ ಪರ್ವತಾರೋಹಿಗಳು ನಂದಾದೇವಿಯ ಗರ್ಭಾಂಗಣವನ್ನು ಅರಸಿ ಹೋಗುವಾಗ ದಾಟಿದ್ದರು. ಆದರೆ ಎರಡಕ್ಕೂ ಋಷಿಕೇಶದಿಂದ ರಸ್ತೆಯ ಪಯಣವೇ ಇಡೀ ದಿನವನ್ನು ಮೀರುವುದುಂಟು. ದಿನಗಳು ಎಣಿಕೆಯವಾದಾಗ ಇವು ನಮ್ಮವಲ್ಲ.

ದಯಾರಾ ಬುಗ್ಯಾಲದ ವಿಚಾರ ಬೇರೆ. ಉತ್ತರಕಾಶಿಯಿಂದ ಗಂಗೋತ್ರಿಯ ದಾರಿಯಲ್ಲಿ ಭಟವಾಡಿಯವರೆಗೆ ಹೋಗಿ ಬೆಟ್ಟದ ಮೈಗೆ ತಿರುಗಿದರೆ ರೈಥಲ್ ಎಂಬ ಗ್ರಾಮ, ಎರಡು ಸಾವಿರ ಮೀಟರಿಗೆ ತುಸು ಮೇಲೆ. ಡೆಹ್ರಾಡೂನಿನಿಂದ ಬೆಳಗ್ಗೆ ಹೊರಟರೆ ಸಂಜೆಯ ಬೆಳಕಿನಲ್ಲಿಯೇ ತಲುಪಬಹುದು. ಕಲ್ಲಿನ ವರಸೆಗಳ ನಡುವೆ ದೇವದಾರು ತೊಲೆಗಳನ್ನು ಹಾಸಿ ಎತ್ತಿದ ಹಳೆಯ ಗೋಡೆಗಳು ಆ ಸೀಮೆಯಲ್ಲಿ ಇನ್ನೂ ಉಳಿದಿವೆ; 1991ರ ಅಕ್ಟೋಬರಿನ ಉತ್ತರಕಾಶಿ ಭೂಕಂಪದಲ್ಲಿ ಹೊಸ ಮನೆಗಳೆಷ್ಟೋ ಉರುಳಿದಾಗ ಈ ಬಗೆಯ ಕಟ್ಟಡಗಳು ಅಲುಗಿ ನಿಂತವು. ಇಲ್ಲಿನ ಹೋಮ್‌ಸ್ಟೇಗಳಲ್ಲಿ ಒಂದು ರಾತ್ರಿ ಹೆಚ್ಚಾಗಿ ತಂಗುವುದೇ ಒಗ್ಗಿಕೊಳ್ಳುವುದಕ್ಕೆ ಉತ್ತಮ ಉಪಾಯ. ಮರುದಿನ ಓಕ್ ಕಾಡಿನ ನಡುವೆ ಮೆಲ್ಲನೆ ಏರಿ ಕಾಡಿನ ತೆರಪಿನಲ್ಲಿ ಡೇರೆ. ಅದರ ಮರುದಿನ ನಸುಕಿನಲ್ಲಿ ಹೊರಟು ಬುಗ್ಯಾಲಿನ ಮೇಲೆ. 2018ರಲ್ಲಿ ಉತ್ತರಾಖಂಡದ ಹೈಕೋರ್ಟು ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿರುವುದರಿಂದ ಡೇರೆ ಕಾಡಿನ ಅಂಚಿನಲ್ಲಿಯೇ ಇರತಕ್ಕದ್ದು. ಅದು ಆ ಹುಲ್ಲಿನ ಬೇರಿಗೂ ಒಳ್ಳೆಯದು, ಎತ್ತರದಲ್ಲಿ ನಡೆದು ತಗ್ಗಿನಲ್ಲಿ ಮಲಗುವ ನಮ್ಮ ದೇಹಕ್ಕೂ ಒಳ್ಳೆಯದು.

ಸುಮಾರು 3,400 ಮೀಟರಿನಲ್ಲಿ ಕಾಡು ಥಟ್ಟನೆ ಮುಗಿದು ಬಯಲು ತೆರೆದುಕೊಂಡಾಗ, ಹಿಮವಿಲ್ಲದ ಕಾಲದಲ್ಲಿ ದನಕುರಿಗಳು ಮೇಯುವ ಆ ಹುಲ್ಲುಗಾವಲು ಅಲೆಯಲೆಯಾಗಿ, ಒಂದು ಗಿಡದ ನೆರಳೂ ಇಲ್ಲದೆ ಬೆಳ್ಳಗೆ ಹಬ್ಬಿರುತ್ತದೆ. ಭಾದ್ರಪದ ಸಂಕ್ರಾಂತಿಗೆ ಇದೇ ಬಯಲಿನಲ್ಲಿ ಊರವರು ಬೆಣ್ಣೆ ಮಜ್ಜಿಗೆಗಳನ್ನು ಒಬ್ಬರಿಗೊಬ್ಬರು ಎರಚಿ ಹಬ್ಬವಾಡುವರು. ಎದುರಿಗೆ 6,316 ಮೀಟರಿನ ಬಂದರ್‌ಪೂಂಛ್, ಲಂಕೆಯಲ್ಲಿ ಹತ್ತಿದ ಬಾಲದ ಬೆಂಕಿಯನ್ನು ಹನುಮಂತನು ಆರಿಸಿಕೊಂಡನೆಂದು ಅಲ್ಲಿಯವರು ನಂಬುವ ಬೆಟ್ಟ; ಪೂರ್ವಕ್ಕೆ ಶ್ರೀಕಂಠ, ದ್ರೌಪದಿ ಕಾ ಡಾಂಡಾ. ದಯಾರಾದ ದೊಡ್ಡ ಗುಣವೆಂದರೆ ಅದಕ್ಕೆ ನಿರ್ದಿಷ್ಟವಾದ ತುದಿಯಿಲ್ಲದಿರುವುದು. ಎಲ್ಲಿ ನಿಂತರೂ ನೋಟ ಪೂರ್ಣ. ಹಿಮ ಆಳವಾಗಿದ್ದರೆ ಬುಗ್ಯಾಲಿನ ಅಂಚಿನಲ್ಲಿಯೇ ತಿರುಗಿ ಬರಬಹುದು. ಹಾಗೆ ಬಂದವನಿಗೆ ಏನನ್ನೋ ಕಳೆದುಕೊಂಡೆನೆಂಬ ಕೊರಗು ಇರುವುದಿಲ್ಲ. ಇಳಿಜಾರು ಸೌಮ್ಯವಾದುದರಿಂದ ಸ್ಕೀಯಿಂಗ್ ಕಲಿಯುವವರೂ ಇಲ್ಲಿಗೆ ಬರುವರು.

ಇನ್ನೂ ಕಡಮೆ ದಿನಗಳಿರುವವರಿಗೆ, ನಡಿಗೆಯ ಜೊತೆಗೆ ಕ್ಷೇತ್ರದರ್ಶನವೂ ಬೇಕೆನ್ನುವವರಿಗೆ, ಊಖೀಮಠದ ಸೀಮೆಯನ್ನು ಸೂಚಿಸುವೆನು. ಋಷಿಕೇಶದಿಂದ ಒಂದು ಹಗಲಿನ ದಾರಿ. ಚಳಿಗಾಲದಲ್ಲಿ ಕೇದಾರನಾಥದ ಬಾಗಿಲು ಮುಚ್ಚಿದಾಗ ಕೇದಾರೇಶ್ವರನ ಪೂಜೆ ನಡೆಯುವುದು ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ. ವೀರಶೈವರ ಪಂಚಪೀಠಗಳಲ್ಲೊಂದಾದ ಕೇದಾರಪೀಠ ಇರುವುದೂ ಇಲ್ಲಿಯೇ. ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲರು ಕರ್ನಾಟಕದ ವೀರಶೈವ ಜಂಗಮ ಪರಂಪರೆಯವರು. ಮಹಾಶಿವರಾತ್ರಿಯ ದಿನ, ಎಂದರೆ ಸರಿಯಾಗಿ ನಾವು ಮಾತಾಡುತ್ತಿರುವ ಋತುವಿನಲ್ಲಿ, ಬರುವ ಬೇಸಗೆಗೆ ಕೇದಾರನ ಬಾಗಿಲು ತೆರೆಯುವ ತಿಥಿಯನ್ನು ಪಂಚಾಂಗ ನೋಡಿ ಘೋಷಿಸುವುದು ಈ ಗುಡಿಯಲ್ಲಿ. ಸುತ್ತ ಹಿಮದ ಬೆಟ್ಟಗಳಿರುವ ಈ ಪುಟ್ಟ ಊರಿನಲ್ಲಿ ಕನ್ನಡದ ನುಡಿ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಊಖೀಮಠದ ಸಮೀಪದ ಸಾರಿ ಗ್ರಾಮದಿಂದ ಎರಡು ಮೂರು ಕಿಲೋಮೀಟರು ಏರಿದರೆ ದೇವರಿಯಾ ತಾಲ್. ಯಕ್ಷನು ಧರ್ಮರಾಯನನ್ನು ಪ್ರಶ್ನಿಸಿದ ಸರೋವರ ಇದೆಂದು ಸ್ಥಳೀಯರ ನಂಬಿಕೆ. ಅದರಾಚೆ ಚೌಖಂಬಾದ 7,138 ಮೀಟರಿನ ಗೋಡೆ. ಒಂದು ರಾತ್ರಿ ಇಲ್ಲಿ ಕಳೆದು ಚೋಪ್ತಾ ಕಡೆಗೆ ಹೊರಳಿದರೆ ಪಂಚಕೇದಾರಗಳಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವ ತುಂಗನಾಥ, ಅದರ ಮೇಲೆ ಚಂದ್ರಶಿಲೆ. ಚಳಿಗಾಲದಲ್ಲಿ ತುಂಗನಾಥನ ಉತ್ಸವಮೂರ್ತಿ ಮಕ್ಕುಮಠಕ್ಕೆ ಇಳಿದಿರುವುದರಿಂದ ಗುಡಿ ಮುಚ್ಚಿರುತ್ತದೆ. ಚೋಪ್ತಾ ರಸ್ತೆಯೂ ಹಿಮದಿಂದ ಕಟ್ಟಿಕೊಂಡು ಕೆಳಗಿನಿಂದಲೇ ನಡೆಯಬೇಕಾಗುವುದುಂಟು. ಚೋಪ್ತಾದಿಂದ ತುಂಗನಾಥಕ್ಕೆ ನಾಲ್ಕು ಕಿಲೋಮೀಟರೇ ಆದರೂ, ಹಿಮದಡಿ ಕಲ್ಲುಹಾಸಿನ ದಾರಿ ಹೂತುಹೋದಾಗ ಕೆಲವೆಡೆ ಕಡಿದಾದ ಓರೆಯನ್ನು ಅಡ್ಡಹಾಯಬೇಕು. ಗುಡಿಯಿಂದ ಚಂದ್ರಶಿಲೆಗೆ ಹೋಗುವ ಕೊನೆಯ ಏರಂತೂ ಹೊಸ ಹಿಮವಿರುವಾಗ ನಂಬತಕ್ಕದ್ದಲ್ಲ. ಹೋಗಬಹುದೇ ಬೇಡವೇ ಎಂಬುದನ್ನು ಸಾರಿಯ ಗೈಡುಗಳು ಹಿಂದಿನ ಸಂಜೆಯೇ ಆಕಾಶ ನೋಡಿ ಹೇಳುವರು. "ಕಲ್ ನಹೀಂ, ಸಾಬ್" ಎಂದರೆ ಅದೇ ತೀರ್ಪು. ಆ ದಿನವನ್ನು ಕೆಳಗಿನ ಕಾಡಿನಲ್ಲಿ ಕಳೆದರೂ ನಷ್ಟವಿಲ್ಲ. ಮಾರ್ಚಿನಲ್ಲಿ ಅಲ್ಲಿ ಬುರಾಂಶ್ ಮರಗಳು ಕೆಂಪಗೆ ಹೂಬಿಟ್ಟಿರುತ್ತವೆ. ಈ ಮರದ ಉಪಜಾತಿಯೊಂದು ನಮ್ಮ ನೆರೆಯ ನೀಲಗಿರಿಯ ನೆತ್ತಿಯಲ್ಲಿಯೂ ಬೆಳೆಯುವುದು. ಮಾರ್ಚ್ ಮಧ್ಯದ ಚೈತ್ರ ಸಂಕ್ರಾಂತಿಗೆ ಊರಿನ ಮಕ್ಕಳು ಬುಟ್ಟಿಯಲ್ಲಿ ಹೂ ತುಂಬಿಕೊಂಡು ಮನೆಮನೆಯ ಹೊಸ್ತಿಲಿಗೆ ಇಡುತ್ತ ಹೋಗುವ ಫೂಲ್‌ದೇಯಿ ಹಬ್ಬವನ್ನು ನೋಡುವ ಭಾಗ್ಯವೂ ಒದಗಬಹುದು.

ಸಲಕರಣೆಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಹತ್ತಿಯ ಬಟ್ಟೆ ಬೆವರಿಗೆ ನೆನೆದು ಚಳಿಯನ್ನು ಒಳಗೆ ಕರೆಯುವುದರಿಂದ ಮೈಗೆ ತಾಗುವ ಪದರ ಉಣ್ಣೆಯದೋ ಕೃತಕ ನೂಲಿನದೋ ಆಗಿರಲಿ. ಹೊಸ ಹಿಮವು ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಶೇಕಡ 80ರವರೆಗೆ ಮರಳಿ ಮುಖಕ್ಕೆ ಎಸೆಯುತ್ತದೆ. ತಂಪು ಕನ್ನಡಕವಿಲ್ಲದೆ ಒಂದು ಹಗಲು ನಡೆದವನ ಕಣ್ಣು ಆ ರಾತ್ರಿ ಮರಳು ತುಂಬಿದಂತೆ ಉರಿಯುವುದು ನಿಶ್ಚಯ. ನೀರಿನ ಬಾಟಲಿಯನ್ನು ಮಲಗುವ ಚೀಲದೊಳಗೇ ಇಟ್ಟುಕೊಳ್ಳಬೇಕು, ಹೊರಗಿಟ್ಟರೆ ಬೆಳಗ್ಗೆ ಮಂಜುಗಡ್ಡೆ. ಇವೆಲ್ಲವೂ ಕೊಂಡು ತರಬಹುದಾದ, ಬಾಡಿಗೆಗೆ ಪಡೆಯಬಹುದಾದ ವಸ್ತುಗಳು. ಸಮಯವನ್ನು ಹಾಗೆ ಪಡೆಯಲಾಗದು.

ಹೀಗಾಗಿ ನನ್ನ ತೀರ್ಮಾನವಿದು: ಒಂಬತ್ತು ದಿನ ಕೈಯಲ್ಲಿದ್ದು ಹಿಮದ ಮೇಲೆ ಮೊದಲ ಸಲ ನಡೆಯುವವರು ಮಾರ್ಚ್ ತಿಂಗಳ ಮೊದಲೆರಡು ವಾರಗಳಲ್ಲಿ ದಯಾರಾಕ್ಕೆ ಹೋಗಲಿ, ಆರೇಳು ದಿನ ಮಾತ್ರ ಉಳ್ಳವರು ಊಖೀಮಠ, ದೇವರಿಯಾ ತಾಲ್‌ಗಳನ್ನು ನಿಶ್ಚಯವಾಗಿಯೂ ತುಂಗನಾಥವನ್ನು ಆಕಾಶ ಒಪ್ಪಿದರೆ ಎಂದೂ ಇಟ್ಟುಕೊಳ್ಳಲಿ, ಹಿಮದ ಅಭ್ಯಾಸವಿದ್ದು ಶಿಖರವನ್ನೇ ಬಯಸುವವರು ಕೇದಾರಕಂಠವನ್ನು ಮಾರ್ಚ್ ಮಧ್ಯಕ್ಕೆ ಮುಂದೂಡಲಿ. ಮೂವರಲ್ಲಿ ಯಾರೇ ಆಗಲಿ, ಹಿಂದಿರುಗುವ ವಿಮಾನದ ಟಿಕೆಟ್ಟನ್ನು ಕಾಯ್ದಿರಿಸುವ ಮೊದಲು, ಬೆಟ್ಟಕ್ಕೆಂದು ಎಣಿಸಿದ ದಿನಗಳಿಗೆ ಇನ್ನೊಂದನ್ನು ಕೂಡಿಸಿ, ಆ ದಿನವನ್ನು ಯಾವ ಕಾರಣಕ್ಕೂ ಮುಟ್ಟದೆ ಇಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.